ಪಟ್ಟದ ಗೊಂಬೆ ಮತ್ತು ರಕ್ತಚಂದನ

ಈ ಸಂಚಿಕೆ ಓದುಗರ ಕೈಸೇರುವ ವೇಳೆಗೆ ಹೊರನಾಡ ಕನ್ನಡಿಗರ ಮನೆಗಳಲ್ಲಿ ದಸರೆಯ ಗೊಂಬೆಗಳು ಅಟ್ಟದಿಂದ ಇಳಿದಿರುತ್ತವೆ. ಅವುಗಳಲ್ಲಿ ಅಗ್ರಸ್ಥಾನ ರಾಜ-ರಾಣಿಯರ ಪಟ್ಟದ ಗೊಂಬೆಗಳಿಗೆ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಈ ಜೋಡಿಯನ್ನು ಕೆತ್ತಲು ಪರಂಪರೆಯಿಂದ ಬಳಸುತ್ತ ಬಂದ ಮರಗಳಲ್ಲಿ ರಕ್ತಚಂದನವೂ ಒಂದು. ಆ ಮರದ ಇಂದಿನ ಸ್ಥಿತಿಯನ್ನು ಕುರಿತು ಎರಡು ಮಾತು ಹೇಳುವುದು ಸಕಾಲಿಕವೆಂದು ಭಾವಿಸುತ್ತೇನೆ.

ಹೆಸರಿನಲ್ಲಿ ಚಂದನವಿದ್ದರೂ ಇದು ಶ್ರೀಗಂಧದ ಬಳಗದ್ದಲ್ಲ. ನಮ್ಮ ಹೊನ್ನೆಯ ಹತ್ತಿರದ ಸಂಬಂಧಿ. ಇದರ ಸಹಜ ನೆಲೆ ಪೂರ್ವಘಟ್ಟಗಳ ದಕ್ಷಿಣ ಭಾಗ. ಮುಖ್ಯವಾಗಿ ಆಂಧ್ರಪ್ರದೇಶದ ಶೇಷಾಚಲ, ಪಾಲಕೊಂಡ, ಲಂಕಮಲ, ವೆಲಿಗೊಂಡ ಬೆಟ್ಟಗಳ ಕಲ್ಲುನೆಲ. ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. ಒಣಗಾಲದಲ್ಲಿ ಎಲೆ ಉದುರಿಸಿ ನೀರನ್ನು ಉಳಿಸಿಕೊಳ್ಳುತ್ತದೆ. ಹಳದಿ ಹೂ ತಳೆದು, ರೆಕ್ಕೆಯುಳ್ಳ ಕಾಯಿಗಳನ್ನು ಗಾಳಿಗೆ ಒಪ್ಪಿಸುತ್ತದೆ. ನೀರಿನಲ್ಲಿ ಮುಳುಗುವಷ್ಟು ಭಾರವಾದ ಕೆಂಪು ಚೇಗು ಬಲಿಯಲು ದಶಕಗಳು ಬೇಕು. ಕಡಿಯಲು ಒಂದು ರಾತ್ರಿ ಸಾಕು. ಬೀಜ ಕೊಡುವ ಬಲಿತ ಮರಗಳೇ ಮೊದಲು ಕೊಡಲಿಗೆ ಬೀಳುವುದರಿಂದ ಕಾಡಿನ ಮರುಹುಟ್ಟು ಕುಂಠಿತವಾಗುತ್ತದೆ.

ಕಾನೂನಿಗೆ ಕೊರತೆಯಿಲ್ಲ. 1995ರಿಂದ ಇದರ ಅಂತರರಾಷ್ಟ್ರೀಯ ವಹಿವಾಟು ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಆದರೂ ಚೀನಾದ ಪೀಠೋಪಕರಣ ಮಾರುಕಟ್ಟೆಯ ಬೇಡಿಕೆ ಕಳ್ಳಸಾಗಣೆಯನ್ನು ಜೀವಂತವಾಗಿಟ್ಟಿದೆ. ಐಯುಸಿಎನ್ 2018ರಲ್ಲಿ ಅಪಾಯದ ಕೆಳಶ್ರೇಣಿಗೆ ಇಳಿಸಿದ್ದ ಈ ಮರವನ್ನು 2021ರ ಮೌಲ್ಯಮಾಪನ ಮತ್ತೆ ಅಳಿವಿನ ಅಪಾಯದಲ್ಲಿರುವ ಪ್ರಭೇದಗಳ ಸಾಲಿಗೆ ಸೇರಿಸಿತು. 2015ರ ಏಪ್ರಿಲ್ 7ರಂದು ಶೇಷಾಚಲದ ಕಾಡಿನಲ್ಲಿ ಪೊಲೀಸರ ಗುಂಡಿಗೆ 20 ಮಂದಿ ಬಲಿಯಾದರು. ಅವರು ಮರ ಕಡಿಯಲು ಬಂದವರೆಂದು ಪೊಲೀಸರು ಹೇಳಿದರು. ಸತ್ತವರು ತಮಿಳುನಾಡಿನ ಬಡ ಕೂಲಿಗಳು.

ದಂಡನೆಯು ಕೆಳಗಿನವನನ್ನು ಬೇಗ ತಲುಪುತ್ತದೆ, ಮೇಲಿನವನ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತದೆ ಎಂಬುದನ್ನು ಸರ್ಕಾರಿ ಸೇವೆಯಲ್ಲಿ ಕಂಡವನು ನಾನು. ಮರ ಉಳಿಯಬೇಕಾದರೆ ಹಣ ಹೂಡುವವನನ್ನೂ ಸಾಗಿಸುವವನನ್ನೂ ಹಿಡಿಯಬೇಕು. ಕೂಲಿಗೆ ತನ್ನೂರಿನಲ್ಲೇ ದುಡಿಮೆ ದೊರೆಯಬೇಕು. ಹೊಲದಲ್ಲಿ ರಕ್ತಚಂದನ ಬೆಳೆಸುವ ರೈತನಿಗೆ ನ್ಯಾಯವಾದ ಮಾರುಕಟ್ಟೆ ಸುಗಮವಾಗಬೇಕು. ಕೊಳ್ಳುವ ನಮ್ಮದೂ ಒಂದು ಪಾಲಿದೆ. ಹೊಸ ಗೊಂಬೆ ಕೊಳ್ಳುವಾಗ ಮರ ಎಲ್ಲಿಯದೆಂದು ಕೇಳೋಣ. ದಾಖಲೆಯಿಲ್ಲದಿದ್ದರೆ ಬಿಟ್ಟು ಬರೋಣ. ಅಜ್ಜಿಯ ಕಾಲದ ಜೋಡಿ ಮನೆಯಲ್ಲಿದ್ದರೆ ಅದನ್ನೇ ಒರೆಸಿ, ಹೊಸ ರೇಷ್ಮೆ ಉಡಿಸಿ, ಮಗಳ ಕೈಗೆ ಕೊಡೋಣ. ರಕ್ತಚಂದನ ತಲೆಮಾರುಗಳ ಕಾಲ ಬಾಳುವ ಮರ. ಒಂದು ಮನೆಗೆ ಒಂದು ಜೋಡಿ ಸಾಕು.