‘ಲಿಂಕ್ ಕಳ್ಸಿ ಅಕ್ಕ’ ಅಂದವ್ರಿಗೆ

1/5
ಎತ್ನಿಕ್ ಡೇ ಫೋಟೋ ನೆನಪಿದ್ಯಾ? ಮೆರೂನ್ ಸೀರೆ, ಬೂದು ಬಣ್ಣದ ಕಣ್ಣು. ‘ಲೆನ್ಸ್ ಲಿಂಕ್ ಕಳ್ಸಿ ಅಕ್ಕ’ ಅಂದವ್ರಿಗೆಲ್ಲ ಕಳ್ಸಿದ್ದೆ. ಈಗ ಡಿಲೀಟ್ ಮಾಡಿದ್ದೀನಿ. ಯಾಕೆ ಅಂತ ಹೇಳ್ಬೇಕು.

ಫೋಟೋ ತೆಗೆದಿದ್ದು ಬೆಳಿಗ್ಗೆ ಹತ್ತಕ್ಕೆ. ಹನ್ನೆರಡರ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗಾಯ್ತು. ಇನ್ನೊಂದು ಗ್ರೂಪ್ ಫೋಟೋ ಆಗ್ಲಿ ಅಂತ ತಡ್ಕೊಂಡೆ. ಸಂಜೆ ಬನಶಂಕರಿ ಮನೆಗೆ ಬಂದು ತೆಗೆದಾಗ ಕಣ್ಣು ಕೆಂಪು, ಲೈಟ್ ನೋಡಕ್ಕಾಗ್ತಿಲ್ಲ. ಆ ಫೋಟೋ ನಾನು ಹಾಕ್ಲೇ ಇಲ್ಲ. ನನ್ನ ತಪ್ಪು ಅದೇ.

2/5
ನನ್ನದು ಮೊದಲಿಂದಲೂ ಒಣ ಕಣ್ಣು. ಸಿಲ್ಕ್ ಬೋರ್ಡ್ ಧೂಳು, ಸ್ಕೂಟರ್ ಗಾಳಿ, ರಾತ್ರಿಯೆಲ್ಲ ಫೋನು, ಇಷ್ಟಕ್ಕೇ ಉರಿಯುತ್ತೆ.

ಜಯನಗರದಲ್ಲಿ ಕಣ್ಣಿನ ಡಾಕ್ಟರ್ ಬಿಡಿಸಿ ಹೇಳಿದ್ರು. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಕಣ್ಣು ಬಿಟ್ಟಿರುವಾಗ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಗಾಳಿಯಿಂದ, ಕಣ್ಣೀರಿನ ಪದರದ ಮೂಲಕ ಬರುತ್ತೆ. ಲೆನ್ಸ್ ಕೂರೋದು ಆ ಪದರದಲ್ಲೇ. ಕಣ್ಣೀರು ಕಮ್ಮಿ ಇದ್ರೆ ಉಜ್ಜುತ್ತೆ. ಗೀರು ಬಿದ್ರೆ ಸೋಂಕಿಗೆ ಬಾಗಿಲು ತೆಗೆದ ಹಾಗೆ.

3/5
‘ಪವರ್ ಇಲ್ದಿರೋ ಲೆನ್ಸ್ ತಾನೇ, ಏನಾಗುತ್ತೆ?’ ಅಂತೀವಲ್ಲ, ನನ್ನ ಜಗಳ ಆ ಮಾತಿನ ಜೊತೆ. ಸೊನ್ನೆ ಪವರ್ ಅಂದ್ರೆ ಸೊನ್ನೆ ಅಪಾಯ ಅಲ್ಲ. ಕಣ್ಣಿನ ಬಾಗು ಒಬ್ಬೊಬ್ರದ್ದು ಒಂದೊಂದು ಥರ. ಅಮೆರಿಕದಲ್ಲಿ 2005ರ ಕಾನೂನು ಬಂದಾಗಿಂದ ಬರೀ ಬಣ್ಣದ ಲೆನ್ಸ್ ಕೂಡ ವೈದ್ಯಕೀಯ ಸಾಧನ. ಚೀಟಿ ಇಲ್ದೆ ಮಾರೋ ಹಾಗಿಲ್ಲ. ನಾನು ತಗೊಂಡ ಕಡೆ ಕೇಳಿದ್ದು ಒಂದೇ: ಯಾವ ಬಣ್ಣ?

ಬಿಸಿನೆಸ್ ಲಾ ಪೇಪರ್‌ನಲ್ಲಿ ‘ಕೊಳ್ಳುವವನೇ ಎಚ್ಚರವಾಗಿರಬೇಕು’ ಅಂತ ಪುಟಗಟ್ಟಲೆ ಬರೆದಿದ್ದೀನಿ. ಕಾರ್ಟ್‌ಗೆ ಹಾಕುವಾಗ ನೋಡಿದ್ದು ಆಫರ್ ಮಾತ್ರ.

4/5
ಚೆಂದ ಕಾಣೋ ಆಸೆ ತಪ್ಪಲ್ಲ. ತುಂಬಾ ಜನ ಲೆನ್ಸ್ ಹಾಕ್ಕೊಂಡು ಆರಾಮಾಗಿದ್ದಾರೆ. ಆದ್ರೆ ಅವ್ರ ಕಣ್ಣು ಬೇರೆ, ನಮ್ಮದು ಬೇರೆ. ಒಣ ಕಣ್ಣಿದ್ರೆ ಮೊದಲು ತೋರಿಸಿ. ‘ಬೇಡಮ್ಮ’ ಅಂದ್ರೆ ಕೇಳಿ. ಹಾಕ್ಕೋಬಹುದು ಅಂದ್ರೂ ನಲ್ಲಿ ನೀರಲ್ಲಿ ತೊಳೀಬೇಡಿ, ಅದ್ರಲ್ಲಿರೋ ಅಕಾಂತಮೀಬಾ ಕಾರ್ನಿಯಾನೇ ತಿಂದುಹಾಕಬಹುದು. ಹಾಕ್ಕೊಂಡು ಮಲಗಬೇಡಿ. ಹಂಚ್ಕೋಬೇಡಿ. ನೋವಾದ್ರೆ ಆ ಕ್ಷಣವೇ ತೆಗೀರಿ.

ತೆಗೆಯೋದೇ ಕಷ್ಟ, ಗೊತ್ತು. 2024ರಲ್ಲಿ ನಟಿ ಜಾಸ್ಮಿನ್ ಭಸಿನ್ ದೆಹಲಿಯಲ್ಲಿ ಲೆನ್ಸ್‌ನಿಂದ ಕಣ್ಣು ನೋಯ್ತಿದ್ರೂ ಕಪ್ಪು ಕನ್ನಡಕ ಹಾಕ್ಕೊಂಡು ಕಾರ್ಯಕ್ರಮ ಮುಗಿಸಿದ್ರು. ಕಾರ್ನಿಯಾಗೆ ಪೆಟ್ಟಾಗಿದೆ ಅಂತ ಆಮೇಲೆ ಗೊತ್ತಾಯ್ತು. ನನ್ನದು ಕಾಲೇಜ್ ಗ್ರೂಪ್ ಫೋಟೋ ಅಷ್ಟೇ, ಅದಕ್ಕೂ ತಡ್ಕೊಂಡೆ!

5/5
2021ರಲ್ಲಿ ಅಪ್ಪು ಹೋದಾಗ ನಾರಾಯಣ ನೇತ್ರಾಲಯದಲ್ಲಿ ಅವ್ರ ಎರಡು ಕಾರ್ನಿಯಾದಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಗ ನಮ್ಮಲ್ಲಿ ಎಷ್ಟು ಜನ ಕಣ್ಣು ದಾನ ಮಾಡ್ತೀವಿ ಅಂತ ಸ್ಟೇಟಸ್ ಹಾಕಿದ್ವಿ! ನಾನು ಆಫರ್‌ನಲ್ಲಿ ತರಿಸಿದ ಲೆನ್ಸ್ ಕೂರಿಸಿದ್ದು ಅದೇ ಕಾರ್ನಿಯಾ ಮೇಲೆ.

ನನ್ನ ಲಿಂಕ್‌ನಿಂದ ತರಿಸಿ, ಕಣ್ಣು ಊದಿಸ್ಕೊಂಡು ಇಂಟರ್ನಲ್ಸ್ ಮಿಸ್ ಮಾಡ್ಕೊಂಡ ಜೂನಿಯರ್‌ಗೆ: ಸಾರಿ ಕಣೇ. ನೀನು ಕೇಳಿದಾಗ ಲಿಂಕ್ ಕೊಡೋಕೆ ಮುಂಚೆ ನನ್ನ ಕೆಂಪು ಕಣ್ಣಿನ ಫೋಟೋ ಕಳಿಸ್ಬೇಕಿತ್ತು.

ಅದು ಮುಂದಿನ ಸ್ಲೈಡ್‌ನಲ್ಲಿದೆ. ಫಿಲ್ಟರ್ ಹಾಕಿಲ್ಲ.