ಎಷ್ಟನೇ ಸ್ಥಾನ ಎಂದು ಕೇಳುವ ಮುನ್ನ

ಶಾಲೆಯ ಕ್ರೀಡಾಕೂಟ ಮುಗಿಸಿ ಮಗಳು ಮನೆಗೆ ಬಂದಿದ್ದಾಳೆ. ಬ್ಯಾಗು ಇಳಿಸುವ ಮೊದಲೇ ನೀವು ಕೇಳುತ್ತೀರಿ, "ಓಟದಲ್ಲಿ ಎಷ್ಟನೇ ಬಹುಮಾನ?" "ಬಹುಮಾನ ಇಲ್ಲ ಉಮ್ಮಾ, ನಾಲ್ಕನೆಯವಳಾದೆ" ಎನ್ನುವಾಗ ಅವಳ ಮುಖ ಬಾಡುತ್ತದೆ. "ಮುಂದಿನ ವರ್ಷ ಫಸ್ಟ್ ಬರಲೇಬೇಕು" ಎಂದು ಹುರಿದುಂಬಿಸುತ್ತೀರಿ. ಮಾತೇನೋ ಪ್ರೀತಿಯದ್ದೇ. ಆದರೆ ಅದು ಸರಿಯಾದ ಗುರಿಯೇ?

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಕೂಡಾ ನಾಲ್ಕನೆಯವರೇ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿತು. ಆದರೆ ಅಂದಿನ ಅವರ 55.42 ಸೆಕೆಂಡುಗಳ ಸಾಧನೆಯನ್ನು ಭಾರತದ ಇನ್ನೊಬ್ಬ ಓಟಗಾರ್ತಿ ಸರಿಗಟ್ಟಿದ್ದು 2023ರಲ್ಲಿ! ಅದನ್ನು ಸೋಲೆನ್ನಲು ಸಾಧ್ಯವೇ?

ಕ್ರೀಡಾ ಮನಶ್ಶಾಸ್ತ್ರಜ್ಞರು ಗುರಿಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಪ್ರಥಮ ಸ್ಥಾನ ಪಡೆಯುವುದು ಫಲಿತಾಂಶದ ಗುರಿ. ತನ್ನದೇ ಹಿಂದಿನ ಸಮಯವನ್ನು ಮೀರುವುದು ಸಾಧನೆಯ ಗುರಿ. ಓಟದ ಆರಂಭ, ಉಸಿರಾಟ, ಕೈಬೀಸುಗಳನ್ನು ತಿದ್ದಿಕೊಳ್ಳುವುದು ಪ್ರಕ್ರಿಯೆಯ ಗುರಿ. ಮೊದಲನೆಯದು ಪಕ್ಕದಲ್ಲಿ ಓಡುವವಳನ್ನೂ ಅವಲಂಬಿಸಿದೆ. ಉಳಿದೆರಡು ಬಹುಮಟ್ಟಿಗೆ ನಿಮ್ಮ ಮಗಳ ಕೈಯಲ್ಲಿವೆ.

ಹಾಗಾದರೆ ದೊಡ್ಡ ಕನಸು ಕಾಣಬಾರದೇ? ಖಂಡಿತ ಕಾಣಬೇಕು. ಆದರೆ ಅದಕ್ಕೆ ಮೆಟ್ಟಿಲು ಕಟ್ಟಬೇಕು. ಅಮೆರಿಕದ ಈಜುಗಾರ ಜಾನ್ ನೇಬರ್ 1972ರಲ್ಲಿ ಹದಿನಾರರ ಹುಡುಗ. 100 ಮೀಟರ್ ಹಿಮ್ಮುಖ ಈಜಿಗೆ ಆತನಿಗೆ 59.5 ಸೆಕೆಂಡು ಬೇಕಾಗುತ್ತಿತ್ತು. ಮುಂದಿನ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆಲ್ಲಲು 55.5 ಬೇಕೆಂದು ಲೆಕ್ಕ ಹಾಕಿದ. ನಾಲ್ಕು ವರ್ಷಗಳಲ್ಲಿ ನಾಲ್ಕು ಸೆಕೆಂಡು, ಅಂದರೆ ವರ್ಷಕ್ಕೆ ಒಂದು, ತಿಂಗಳಿಗೆ ಸುಮಾರು ಹತ್ತನೇ ಒಂದು ಭಾಗ. ದಿನಕ್ಕೆ ಹಂಚಿದರೆ ಕಣ್ಣು ಮಿಟುಕಿಸುವಷ್ಟೂ ಇಲ್ಲ! 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಆತ 55.49 ಸೆಕೆಂಡುಗಳಲ್ಲಿ ಈಜಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದ. ಹನಿಗೂಡಿದರೆ ಹಳ್ಳ ಎಂಬುದು ಇದಕ್ಕೇ ಅಲ್ಲವೇ?

ನಿಮ್ಮ ಮನೆಯಲ್ಲೂ ಇದು ಸಾಧ್ಯ. ಒಂದು ನೋಟ್ ಪುಸ್ತಕ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಇಂದಿನ ಸಮಯ, ಮುಂದಿನ ಎರಡು ವಾರಗಳ ಪುಟ್ಟ ಗುರಿ, ಅದಕ್ಕಾಗಿ ತಿದ್ದಿಕೊಳ್ಳಬೇಕಾದ ಒಂದೇ ಒಂದು ವಿಷಯ, ಇಷ್ಟನ್ನು ಮಗಳೇ ಬರೆಯಲಿ. ಗುರಿ ನಿಮ್ಮದಾಗದೆ ಅವಳದಾಗಿರಲಿ. ಜ್ವರ, ಪರೀಕ್ಷೆಗಳ ವಾರಗಳಲ್ಲಿ ಸಮಯ ಹಿಂದೆ ಬೀಳಬಹುದು. ಆಗ ಗದರಿಸಬೇಡಿ, ಗುರಿಯನ್ನು ತುಸು ಬದಲಿಸಿಕೊಳ್ಳಲು ನೆರವಾಗಿ.

ಮುಂದಿನ ಕ್ರೀಡಾಕೂಟದ ಸಂಜೆ ಅವಳು ಬಾಗಿಲಲ್ಲಿ ನಿಂತಾಗ, "ಎಷ್ಟನೇ ಬಹುಮಾನ?" ಎನ್ನುವ ಬದಲು "ಕಳೆದ ಸಲಕ್ಕಿಂತ ಚೆನ್ನಾಗಿ ಓಡಿದೆಯಾ?" ಎಂದು ಕೇಳಿ ನೋಡಿ.