ಬಿಸಿನೆಸ್ ಆಟಕ್ಕೆ ಬಾಗೂರು ರೂಲ್ಸು

"ತಮಟೆ ಬಿಟ್ಟು ಇದೇನಣ್ಣ, ಸ್ಮಶಾನದ ಇಂಗ್ಲಿಷ್ ಹಾಡು?" ಅಂತ ಸಂಗಾತಿಯೊಬ್ಬರು ಕೇಳಿದ್ರು. ಸದರ್ನ್ ಡೆತ್ ಕಲ್ಟ್ ಅಂತ, 1981ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಹುಟ್ಟಿ 1983ಕ್ಕೇ ಮುಗಿದುಹೋದ ಗಾತ್-ಪಂಕ್ ತಂಡ. ಡ್ರಮ್ ಬಾರಿಸಿದ್ದು ಪಾಕಿಸ್ತಾನಿ ಮೂಲದ ಆಕಿ ನವಾಜ್. ಆ ಪೆಟ್ಟು ಕೇಳಿ, ಆಮೇಲೆ ಪರದೇಶಿದು ಅನ್ನಿ. ಸಾವಾದಾಗ ತಮಟೆ ಬಡೀಲೇಬೇಕು ಅಂತ ನಮ್ಮೋರ ಮೇಲೆ ಬಿಟ್ಟಿ ಚಾಕರಿ ಹೇರಿದ ನಾಡಲ್ಲಿ, ಸಾವಿನ ಸಂಗೀತವನ್ನ ಬರೀ ಖುಷಿಗೆ ಕೇಳೋದು ನನಗೆ ಸಣ್ಣ ಸಂಗತಿಯಲ್ಲ.

ಅದನ್ನ ಹಾಕ್ಕೊಂಡೇ ಕೇರಿ ಹುಡುಗರ ಜೊತೆ ಬಿಸಿನೆಸ್ ಆಟದ ರೂಲ್ಸ್ ಬದಲಾಯಿಸ್ತಿದ್ದೀನಿ. ಇದರ ಮೂಲ ಮೊನೊಪಲಿ. ಅದರ ಮೂಲ, ಲಿಜ್ಜೀ ಮ್ಯಾಗೀ ಅನ್ನೋ ಅಮೆರಿಕದ ಹೆಣ್ಣುಮಗಳು 1904ರಲ್ಲಿ ಪೇಟೆಂಟ್ ಪಡೆದ 'ಲ್ಯಾಂಡ್‌ಲಾರ್ಡ್ಸ್ ಗೇಮ್'. ಭೂಮಾಲೀಕರು ಬಾಡಿಗೆ ತಿಂದು ಹೇಗೆ ಕೊಬ್ಬುತ್ತಾರೆ ಅಂತ ತೋರಿಸೋಕೆ ಮಾಡಿದ್ದು. 1935ರಲ್ಲಿ ಕಂಪನಿಯೊಂದು ಆಕೆಯ ಆಟದ ಪೇಟೆಂಟನ್ನ 500 ಡಾಲರಿಗೆ ಕೊಂಡ್ಕೊಂಡು, ಕೊಬ್ಬೋದನ್ನೇ ಗೆಲುವು ಮಾಡಿ ಮಾರಿತು.

ಎಲ್ಲರಿಗೂ ಸಮ ದುಡ್ಡು ಕೊಟ್ಟು ಶುರು ಮಾಡೋದೇ ಆ ಆಟದ ದೊಡ್ಡ ಸುಳ್ಳು ಕಣ್ರೀ. ನಮ್ಮದರಲ್ಲಿ ಒಬ್ಬನ ಕೈಲಿ ತೆಂಗಿನ ತೋಟ, ಇನ್ನೊಬ್ಬನ ಕೈಲಿ ಬರೀ ದಾಳ. ಸರ್ಕಾರ ಮಂಜೂರು ಮಾಡಿದ ಜಮೀನನ್ನ ಯಾರಾದ್ರೂ ಬರೆಸ್ಕೊಂಡ್ರೆ 1978ರ ಪಿಟಿಸಿಎಲ್ ಕಾಯ್ದೆ ಕಾರ್ಡು ಎಸೀಬಹುದು. ಆದ್ರೆ ಎಸಿ ಕೋರ್ಟಲ್ಲಿ ಮೂರು ಸರದಿ ಕಾಯಬೇಕು. ಬಾಗೂರು-ನವಿಲೆ ಸುರಂಗದ ಮನೆಗೆ ಬಂದ್ರೆ ಹೇಮಾವತಿ ಕಾಲಡೀಲೇ ತುಮಕೂರಿಗೆ ಹೋಗ್ತಾಳೆ, ನಿಮಗೆ ಸೊನ್ನೆ.

ಹುಡುಗರದ್ದು ಒಂದೇ ತಕರಾರು: "ಹಿಂಗಾದ್ರೆ ನಾವು ಗೆಲ್ಲೋದ್ಯಾವಾಗ?" ಏನೂ ಇಲ್ಲದೋರು ಇಬ್ಬರು ಸೇರಿ ಜಮೀನು ಕೊಳ್ಳೋ ರೂಲ್ ಇಡೋಣ ಅಂತಿದ್ದೀನಿ. ಬೇರೆ ಏನಾದ್ರೂ ಹೊಳೆದ್ರೆ ಕಳಿಸಿ. ಜೈಭೀಮ್.